ಎರಡೇ ಆಲ್ಬಮ್ ಮಾಡಿ ನಿಂತುಹೋದ ಸ್ಲಿಂಟ್ ಬ್ಯಾಂಡ್ ಬಗ್ಗೆ ತಿಳಿದವರು ಹೇಳುವಿರಾ?

ಪ್ರಶ್ನೆ: ಚಿಂತಾಮಣಿ ಗಿಟಾರ್

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿಯವನು. ಶಾಲೆಯ ದಿನಗಳಿಂದಲೂ ಜೊತೆಗಿರುವ ನಾವು ನಾಲ್ವರು ಗೆಳೆಯರು ಸೇರಿ ಒಂದು ಚಿಕ್ಕ ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಶಿಡ್ಲಘಟ್ಟದ ದಾರಿಯಲ್ಲಿ ಗೆಳೆಯನ ತೋಟವಿದೆ. ರೇಷ್ಮೆ ಬೆಳೆ ಇಲ್ಲದ ದಿನಗಳಲ್ಲಿ ಅಲ್ಲಿನ ಹುಳುಮನೆ ಖಾಲಿ ಇರುವುದರಿಂದ ಅಲ್ಲಿಯೇ ಅಭ್ಯಾಸ ಮಾಡುತ್ತೇವೆ. ಹುಳು ಬಂದ ಮೇಲೆ ಡ್ರಮ್ಸ್ ಎತ್ತಿಟ್ಟು ಮುಂದಿನ ಬೆಳೆ ಮುಗಿಯುವವರೆಗೆ ಕಾಯುತ್ತೇವೆ. ನಮ್ಮ ಊರಲ್ಲಿ ಈ ಬಗೆಯ ಸಂಗೀತಕ್ಕೆ ವೇದಿಕೆಯಿಲ್ಲ, ಬೆಂಗಳೂರಿನಲ್ಲಿ ನಮ್ಮನ್ನು ಕರೆಯುವವರಿಲ್ಲ. ನಾಲ್ವರಲ್ಲಿ ಒಬ್ಬನಿಗೆ ಬರುವ ವರ್ಷ ಹೊರಗೆ ಕೆಲಸ ಸಿಗುವಂತಿದೆ. ಹೀಗಾಗಿ ಬ್ಯಾಂಡ್ ಎಷ್ಟು ದಿನ ಉಳಿದೀತು ಎಂಬ ಮಾತು ನಮ್ಮ ನಡುವೆ ಆಗಾಗ ಬರುತ್ತಿರುತ್ತದೆ.

ಇಂಥದೇ ಮಾತಿನ ನಡುವೆ ಒಬ್ಬ ಗೆಳೆಯ ಅಮೆರಿಕದ ಸ್ಲಿಂಟ್ ಎಂಬ ಬ್ಯಾಂಡಿನ ಹೆಸರು ಹೇಳಿ, ಅವರ ‘ಸ್ಪೈಡರ್‌ಲ್ಯಾಂಡ್’ ಆಲ್ಬಮ್ ಕೇಳಿಸಿದ. ಮೊದಲ ಸಲ ಕೇಳಿದಾಗ ನನಗೆ ಅದರ ತಲೆಬುಡ ತಿಳಿಯಲಿಲ್ಲ. ಹಾಡುವ ಬದಲು ಯಾರೋ ತಗ್ಗಿದ ದನಿಯಲ್ಲಿ ಮಾತನಾಡುತ್ತಾರೆ, ತುಂಬ ಹೊತ್ತು ಏನೂ ನಡೆಯುವುದಿಲ್ಲ, ಆಮೇಲೆ ಗಿಟಾರುಗಳು ಒಮ್ಮೆಲೇ ಮೇಲೆ ಬೀಳುತ್ತವೆ. ಆದರೂ ಅದನ್ನು ಬಿಡಲಾಗದೆ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಆ ಆಲ್ಬಮ್ ಅಂಗಡಿಗೆ ಬರುವ ಮೊದಲೇ ಬ್ಯಾಂಡ್ ಒಡೆದುಹೋಗಿತ್ತಂತೆ. ಇದು ನಿಜವೇ? ಬದುಕಿದ್ದಾಗ ಯಾರೂ ಹೆಚ್ಚು ಕೇಳದ ಬ್ಯಾಂಡ್ ಆಮೇಲೆ ಇಷ್ಟು ದೊಡ್ಡದಾದದ್ದು ಹೇಗೆ? ಅದನ್ನು ಕೇಳುವ ಕ್ರಮವೇನಾದರೂ ಇದೆಯೇ?

ಆಲ್ಬಮ್ಮಿನ ಮುಖಪುಟದಲ್ಲಿ ನಾಲ್ವರು ಹುಡುಗರು ನೀರಿನಲ್ಲಿ ಕತ್ತಿನವರೆಗೆ ಮುಳುಗಿ ನಿಂತಿರುವ ಕಪ್ಪು ಬಿಳುಪಿನ ಫೋಟೊ ಇದೆ. ನಮ್ಮ ಊರಿನ ಬಳಿ ನೀರು ತುಂಬಿದ ಹಳೆಯ ಕಲ್ಲು ಕ್ವಾರಿಯೊಂದಿದೆ. ನಾವೂ ಅಂಥದೇ ಫೋಟೊ ತೆಗೆಸಿಕೊಳ್ಳೋಣ ಎಂದು ಗೆಳೆಯರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ತುಮಕೂರು ಕೇಳುಗ

ಚಿಂತಾಮಣಿಯ ಗೆಳೆಯರೇ, ಫೋಟೊದ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಆ ಚಿತ್ರ ತೆಗೆದ ಜಾಗವೂ ನೀರು ತುಂಬಿದ ಕಲ್ಲು ಗಣಿಯೇ. ಲೂಯಿವಿಲ್ ನಗರದಿಂದ ಓಹಾಯೊ ನದಿ ದಾಟಿದರೆ ಇಂಡಿಯಾನಾ ರಾಜ್ಯದ ಯುಟಿಕಾ ಸಿಗುತ್ತದೆ, ಅಲ್ಲಿ ತೆಗೆದದ್ದು. ತೆಗೆದವರು ಅವರ ಗೆಳೆಯ ವಿಲ್ ಓಲ್ಡಮ್, ಮುಂದೆ ತಾವೇ ಹೆಸರಾಂತ ಹಾಡುಗಾರರಾದವರು. ಆದರೆ ನೀವು ದಯವಿಟ್ಟು ಕ್ವಾರಿಯ ನೀರಿಗೆ ಇಳಿಯಬೇಡಿ. ನಮ್ಮ ಕಡೆಯ ಕ್ವಾರಿಗಳಲ್ಲಿ ದಡದಿಂದ ಒಂದು ಹೆಜ್ಜೆ ಮುಂದಿಟ್ಟರೆ ಎಷ್ಟು ಆಳವೆಂದು ಯಾರಿಗೂ ತಿಳಿದಿರುವುದಿಲ್ಲ, ಬಂಡೆ ನೇರವಾಗಿ ಕೆಳಗಿಳಿದಿರುತ್ತದೆ, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಬೇಸಿಗೆ ಬಂದರೆ ಈಜಲು ಹೋದ ಹುಡುಗರ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಹುಳುಮನೆಯ ಮುಂದೆಯೇ ನಿಂತು ತೆಗೆಸಿಕೊಳ್ಳಿ, ಅದು ನಿಮ್ಮದೇ ಆದ ಚಿತ್ರವಾಗುತ್ತದೆ.

ಈಗ ಬ್ಯಾಂಡಿನ ಕಥೆಗೆ ಬರುತ್ತೇನೆ. ಲೂಯಿವಿಲ್ ಕೆಂಟಕಿ ರಾಜ್ಯದ ಊರು. ಮುಹಮ್ಮದ್ ಅಲಿ ಹುಟ್ಟಿದ ಊರು ಎಂದರೆ ನಮ್ಮವರಿಗೆ ಬೇಗ ನೆನಪಾಗುತ್ತದೆ. ರೆಕಾರ್ಡಿಂಗ್ ಕಂಪನಿಗಳು, ದೊಡ್ಡ ಪತ್ರಿಕೆಗಳು ಇದ್ದ ನಗರ ಅದಲ್ಲ. ಅವುಗಳಿಗಾಗಿ ಶಿಕಾಗೊಗೋ ನ್ಯೂಯಾರ್ಕಿಗೋ ಹೋಗಬೇಕಿತ್ತು. ಆ ಊರಿನಲ್ಲಿ ಎಂಬತ್ತರ ದಶಕದ ನಡುವೆ ಸ್ಕ್ವಿರಲ್ ಬೇಟ್ ಎಂಬ ಹದಿಹರೆಯದವರ ಬ್ಯಾಂಡ್ ಇತ್ತು. ಬ್ರಯನ್ ಮೆಕ್‌ಮೇಹನ್ ಮತ್ತು ಬ್ರಿಟ್ ವಾಲ್‌ಫರ್ಡ್ ಇಬ್ಬರೂ ಅದರಲ್ಲಿದ್ದವರು. 1986ರಲ್ಲಿ ಡ್ರಮ್ಸ್ ನುಡಿಸುವ ವಾಲ್‌ಫರ್ಡ್, ಗಿಟಾರಿನ ಡೇವಿಡ್ ಪಾಜೊ, ಬಾಸ್‌ನ ಈಥನ್ ಬಕ್ಲರ್ ಸೇರಿ ಹೊಸ ಬ್ಯಾಂಡ್ ಆರಂಭಿಸಿದರು. ಮೆಕ್‌ಮೇಹನ್ ಗಿಟಾರು ಹಿಡಿದು ಬಂದು ಸೇರಿಕೊಂಡರು, ದನಿಯೂ ಹೆಚ್ಚಾಗಿ ಅವರದೇ ಆಯಿತು. ಸ್ಲಿಂಟ್ ಎಂಬುದು ವಾಲ್‌ಫರ್ಡ್ ಸಾಕಿದ್ದ ಒಂದು ಮೀನಿನ ಹೆಸರು.

1987ರಲ್ಲಿ ಸ್ಟೀವ್ ಆಲ್ಬಿನಿ ಅವರಿಂದ ಮೊದಲ ಆಲ್ಬಮ್ ‘ಟ್ವೀಜ್’ ರೆಕಾರ್ಡ್ ಮಾಡಿಸಿದರು. ಮುಂದೆ ನಿರ್ವಾಣ ಬ್ಯಾಂಡಿನ ಕೊನೆಯ ಸ್ಟುಡಿಯೊ ಆಲ್ಬಮ್ಮನ್ನು ರೆಕಾರ್ಡ್ ಮಾಡಿದ ಆಲ್ಬಿನಿಯೇ ಇವರು. ಟ್ವೀಜ್‌ನಲ್ಲಿ ಒಂಬತ್ತು ಹಾಡುಗಳಿವೆ. ಎಂಟಕ್ಕೆ ನಾಲ್ವರ ತಂದೆತಾಯಂದಿರ ಹೆಸರು, ಒಂಬತ್ತನೆಯದಕ್ಕೆ ವಾಲ್‌ಫರ್ಡ್ ಮನೆಯ ನಾಯಿಯ ಹೆಸರು. ಆಲ್ಬಿನಿ ಮಾಡಿದ ರೆಕಾರ್ಡಿಂಗಿನ ರೀತಿ ಹಿಡಿಸದೆ ಬಕ್ಲರ್ ಬ್ಯಾಂಡ್ ಬಿಟ್ಟರು, ಅವರ ಜಾಗಕ್ಕೆ ಟಾಡ್ ಬ್ರಷಿಯರ್ ಬಂದರು. ಆಲ್ಬಮ್ ಹೊರಬರಲು 1989ರವರೆಗೆ ಕಾಯಬೇಕಾಯಿತು, ಅದೂ ಗೆಳತಿಯೊಬ್ಬರು ತಮ್ಮ ಹೆಸರಿನಲ್ಲೇ ಒಂದು ಲೇಬಲ್, ಅಂದರೆ ಆಲ್ಬಮ್ ಹೊರತರುವ ಸಂಸ್ಥೆ, ಮಾಡಿ ತಂದದ್ದು. ಆಗ ಅದನ್ನು ಕೊಂಡವರು ಬಹಳ ಕಡಿಮೆ.

ನನ್ನ ದೃಷ್ಟಿಯಲ್ಲಿ ಈ ಬ್ಯಾಂಡಿನ ನಿಜವಾದ ಬದುಕು ಇದರ ಮುಂದಿನ ಒಂದು ವರ್ಷದಲ್ಲಿದೆ, ಆ ವರ್ಷದ ಬಗ್ಗೆ ಜನ ಸಾಕಷ್ಟು ಮಾತನಾಡುವುದಿಲ್ಲ ಎಂಬುದು ನನ್ನ ಕೊರಗು. ಮೆಕ್‌ಮೇಹನ್ ಮತ್ತು ವಾಲ್‌ಫರ್ಡ್ ಓದಲೆಂದು ಶಿಕಾಗೊ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಹೋದರು. ಇಬ್ಬರು ಅಲ್ಲಿ, ಇಬ್ಬರು ಊರಲ್ಲಿ. ನಡುವೆ ಸುಮಾರು 480 ಕಿಲೊಮೀಟರ್ ದೂರ. 1990ರ ಬೇಸಿಗೆಯಲ್ಲಿ ನಾಲ್ವರೂ ಲೂಯಿವಿಲ್‌ನಲ್ಲಿ ಸೇರಿ, ವಾಲ್‌ಫರ್ಡ್ ಅವರ ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲಿ ಕುಳಿತು, ‘ಸ್ಪೈಡರ್‌ಲ್ಯಾಂಡ್’ನ ಆರೇ ಆರು ಹಾಡುಗಳನ್ನು ಬಿಡದೆ ಉಜ್ಜಿದರು. ಕೇಳಲು ಯಾರೂ ಇರಲಿಲ್ಲ, ಹಿಂದಿನ ಆಲ್ಬಮ್ಮಿನಿಂದ ಹೆಸರೂ ಬಂದಿರಲಿಲ್ಲ. ಆದರೂ ಒಂದು ಸ್ವರ ಎಲ್ಲಿ ನಿಲ್ಲಬೇಕು, ಒಂದು ಮೌನ ಎಷ್ಟು ಹೊತ್ತು ಇರಬೇಕು ಎಂಬುದನ್ನು ನಾಲ್ವರೂ ಒಪ್ಪುವವರೆಗೆ ಅವರು ನುಡಿಸುತ್ತಲೇ ಹೋದರು. ಆ ಹಾಡುಗಳಲ್ಲಿ ತುಂಬ ಜಾಗ ಖಾಲಿ ಬಿಟ್ಟಿದೆ. ಒಬ್ಬನ ಕೈ ಒಂದಿಷ್ಟು ಮುಂದೆ ಹೋದರೂ ಗೊತ್ತಾಗಿಬಿಡುತ್ತದೆ. ಅಷ್ಟು ಬರಿದಾದ ಸಂಗೀತವನ್ನು ನಾಲ್ಕು ಜನ ಒಟ್ಟಿಗೆ ಹಿಡಿದು ನಿಲ್ಲಿಸಬೇಕಾದರೆ ಎಂಥ ಅಭ್ಯಾಸ ಬೇಕು ಎಂಬುದು ವಾದ್ಯ ನುಡಿಸುವ ನಿಮಗೆ ನನಗಿಂತ ಚೆನ್ನಾಗಿ ತಿಳಿದಿರುತ್ತದೆ.

ಆಗಸ್ಟ್ ತಿಂಗಳಲ್ಲಿ ಶಿಕಾಗೊದ ರಿವರ್ ನಾರ್ತ್ ಸ್ಟುಡಿಯೊದಲ್ಲಿ ಬ್ರಯನ್ ಪಾಲ್ಸನ್ ಅವರ ಕೈಯಲ್ಲಿ, ಕೆಲವೇ ದಿನಗಳಲ್ಲಿ ರೆಕಾರ್ಡಿಂಗ್ ಮುಗಿಯಿತು. ಬೇಸಿಗೆಯಿಡೀ ವಾದ್ಯದ ಭಾಗವನ್ನು ತಿದ್ದಿದ್ದವರು ಮಾತುಗಳನ್ನು ಕೊನೆಗೆ ಉಳಿಸಿಕೊಂಡಿದ್ದರು. ಹಲವನ್ನು ಬರೆದು ಮುಗಿಸಿದ್ದು ಸ್ಟುಡಿಯೊಗೆ ಬಂದ ಮೇಲೆಯೇ. ವರ್ಷ ಮುಗಿಯುವಷ್ಟರಲ್ಲಿ ಮೆಕ್‌ಮೇಹನ್ ಬ್ಯಾಂಡ್ ಬಿಟ್ಟರು, ಬ್ಯಾಂಡ್ ನಿಂತಿತು. ಆಲ್ಬಮ್ ಟಚ್ ಅಂಡ್ ಗೋ ಲೇಬಲ್ಲಿನಿಂದ 1991ರ ಮಾರ್ಚ್ ಕೊನೆಯಲ್ಲಿ ಹೊರಬಂತು. ಹೌದು, ನೀವು ಕೇಳಿದ್ದು ನಿಜ. ಅದನ್ನು ಊರೂರಿಗೆ ಒಯ್ದು ನುಡಿಸಲು ಆಗ ಬ್ಯಾಂಡೇ ಇರಲಿಲ್ಲ. ಅವರೆಲ್ಲ ಆಗ ಇಪ್ಪತ್ತರ ಆಸುಪಾಸಿನ ಹುಡುಗರು. ಒಡೆದದ್ದಕ್ಕೆ ಕಾರಣವಾಗಿ ಹಲವು ಕಥೆಗಳು ಓಡಾಡುತ್ತವೆ. ಅವರ ಖಾಸಗಿ ಬದುಕಿನ ಆ ಕಥೆಗಳನ್ನು ಇಲ್ಲಿ ಮತ್ತೆ ಹೇಳಲು ನನಗೆ ಮನಸ್ಸಿಲ್ಲ.

ನನಗೆ ಈ ಆಲ್ಬಮ್ ಸಿಕ್ಕಿದ್ದು ಬೆಂಗಳೂರಿನ ಗೆಳೆಯರೊಬ್ಬರು ಸಿ.ಡಿ.ಗೆ ರೈಟ್ ಮಾಡಿಕೊಟ್ಟಿದ್ದರಿಂದ. ತುಮಕೂರಿನಲ್ಲಿ ಇದರ ಬಗ್ಗೆ ಮಾತನಾಡಲು ಜೊತೆಯವರು ಸಿಗದೆ ಎಷ್ಟೋ ವರ್ಷ ಒಬ್ಬನೇ ಕೇಳಿದ್ದೇನೆ. ಪಕ್ಕದ ಜಿಲ್ಲೆಯಿಂದ ಒಬ್ಬರು ಈ ಹೆಸರನ್ನು ಎತ್ತಿ ಕೇಳಿದ್ದು ನನಗೆ ಬಹಳ ಸಂತೋಷ ತಂದಿದೆ.

ಉತ್ತರ 2: ಕೋಲಾರದ ಲಯ

ನಾನು ಕೋಲಾರದಲ್ಲಿ ಮೃದಂಗ ಕಲಿಯುತ್ತಿರುವವಳು. ಚರಿತ್ರೆಯನ್ನು ತುಮಕೂರಿನ ಹಿರಿಯರು ಹೇಳಿದ್ದಾರೆ. ಕೇಳುವ ಕ್ರಮದ ಬಗ್ಗೆ ನಾನು ಬರೆಯುತ್ತೇನೆ.

ಮೊದಲನೆಯದಾಗಿ, ಫೋನಿನ ಸ್ಪೀಕರಿನಲ್ಲಿ ಈ ಆಲ್ಬಮ್ ಕೇಳಬೇಡಿ. ಮಾತಿನ ದನಿಯನ್ನು ಬೇಕೆಂದೇ ವಾದ್ಯಗಳಿಗಿಂತ ಕೆಳಗಿಟ್ಟಿದ್ದಾರೆ. ಅದು ಕೇಳಿಸಲೆಂದು ವಾಲ್ಯೂಮ್ ಏರಿಸಿಕೊಂಡು ಕುಳಿತಾಗಲೇ ಗಿಟಾರುಗಳು ಬಂದೆರಗುತ್ತವೆ, ಆ ಏರಿಳಿತವೇ ಇದರ ಜೀವ. ಆರು ಹಾಡು ಸೇರಿ ನಲವತ್ತು ನಿಮಿಷವೂ ಆಗುವುದಿಲ್ಲ, ಹಾಗಾಗಿ ಒಂದೇ ಕೂರಿಕೆಯಲ್ಲಿ ಕೇಳಿ ಮುಗಿಸಬಹುದು.

ಎರಡನೆಯ ಹಾಡು ‘ನಾಸ್ಫೆರಾಟು ಮ್ಯಾನ್’ ಕೇಳುವಾಗ ಬೆರಳಿನಲ್ಲಿ ಎಣಿಸಿ ನೋಡಿ. ಮಾತು ಬರುವ ಭಾಗ ಐದು ಎಣಿಕೆಯಲ್ಲಿದೆ. ತ ಕ ತ ಕಿ ಟ ಎಂದು ಹೇಳಿಕೊಂಡರೆ ಸರಿಯಾಗಿ ಕೂರುತ್ತದೆ. ಗಿಟಾರುಗಳು ಜೋರಾಗುವ ಭಾಗಕ್ಕೆ ಬಂದಾಗ ಎಣಿಕೆ ಆರಕ್ಕೆ ಹೋಗುತ್ತದೆ. ರಾಕ್ ಸಂಗೀತ ಬಹುಪಾಲು ನಾಲ್ಕರಲ್ಲಿ ನಡೆಯುವುದರಿಂದ ಇದಕ್ಕೆ ಅಭ್ಯಾಸವಾದ ಕಿವಿಗೆ ಏನೋ ಒಂದು ಹೆಜ್ಜೆ ತಪ್ಪಿದಂತೆ ಅನ್ನಿಸುತ್ತದೆ. ಐದೈದರ ಎಣಿಕೆಯ ಖಂಡ ನಡೆಯಲ್ಲಿ ಬೆಳೆದ ನಮ್ಮ ಕಿವಿಗೆ ಆ ತೊಂದರೆಯಿಲ್ಲ. ನಮಗೆ ಕಷ್ಟವಾಗುವುದು ಬೇರೆ ಕಡೆ. ನಮ್ಮಲ್ಲಿ ಐದರ ತಾಳ ಹಿಡಿದರೆ ಅದರೊಳಗೆ ಲೆಕ್ಕಾಚಾರ ಬೆಳೆಯುತ್ತದೆ, ಮುಕ್ತಾಯ ಬರುತ್ತದೆ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಇಳಿದಾಗ ಸಭೆ ತಲೆದೂಗುತ್ತದೆ. ವಾಲ್‌ಫರ್ಡ್ ಆ ಸಂತೋಷವನ್ನು ನಮಗೆ ಕೊಡುವುದಿಲ್ಲ. ಐದನ್ನು ಹಿಡಿದು, ಅದನ್ನು ತೋರಿಸಿಕೊಳ್ಳದೆ, ಕಥೆ ಎಷ್ಟು ಹೊತ್ತು ಬಯಸುತ್ತದೆಯೋ ಅಷ್ಟು ಹೊತ್ತು ಅಲ್ಲೇ ಇರುತ್ತಾರೆ. ಮೃದಂಗದವಳಾಗಿ ನಾನು ಮೊದಮೊದಲು ಇದನ್ನು ಕೊರತೆ ಎಂದೇ ಎಣಿಸುತ್ತಿದ್ದೆ. ಈಗ ಅವರ ಕೈಯ ಹಿಡಿತ ಕಂಡು ಗೌರವ ಹುಟ್ಟಿದೆ.

ಮಾತಿನ ವಿಷಯ ನೀವು ಕೇಳಿದ್ದೀರಿ. ಹರಿಕಥೆ ದಾಸರು ಪದ ನಿಲ್ಲಿಸಿ ಮಾತಿಗಿಳಿದಾಗ ಹಿಂದೆ ಶ್ರುತಿ ಹಿಡಿದೇ ಇರುತ್ತದಲ್ಲ, ಹಾಗೆ ಇಲ್ಲಿ ಮಾತು ನಡೆಯುವಾಗ ಗಿಟಾರು ಹಿಡಿದೇ ಇರುತ್ತದೆ. ಮೊದಲ ಹಾಡಿನಲ್ಲಿ ಜಾತ್ರೆಯಂಥ ಒಂದು ಜಾಗಕ್ಕೆ ಹೋದವನು ಭವಿಷ್ಯ ಹೇಳುವ ಹೆಣ್ಣೊಬ್ಬಳನ್ನು ಕಾಣುತ್ತಾನೆ, ಇಬ್ಬರೂ ರೋಲರ್ ಕೋಸ್ಟರ್ ಹತ್ತುತ್ತಾರೆ. ‘ಡಾನ್, ಅಮನ್’ ಹಾಡಿನಲ್ಲಿ ಡ್ರಮ್ಸ್ ಇಲ್ಲವೇ ಇಲ್ಲ. ಗಿಟಾರುಗಳು ಮತ್ತು ವಾಲ್‌ಫರ್ಡ್ ಅವರ ಪಿಸುಮಾತಷ್ಟೇ. ಜನ ತುಂಬಿದ ಮನೆಯಲ್ಲಿ ಯಾರೊಂದಿಗೂ ಬೆರೆಯಲಾಗದೆ ಹೊರಗೆ ಬಂದು ನಿಲ್ಲುವ ಒಬ್ಬನ ಕಥೆ ಅದು. ‘ವಾಷರ್’ ಒಂದರಲ್ಲಿ ಮಾತ್ರ ಹೆಚ್ಚಾಗಿ ಹಾಡುವಿಕೆಯಿದೆ, ಎಲ್ಲಕ್ಕಿಂತ ಉದ್ದದ್ದೂ ಅದೇ. ಅದರ ನಂತರ ಬರುವ ಮಾತಿಲ್ಲದ ಹಾಡನ್ನು ದಾಟಿಸಿ ಮುಂದೆ ಹೋಗುವವರು ಹಲವರು. ದಾಟಿಸಬೇಡಿ. ಕೊನೆಯ ಹಾಡಿಗೆ ಮೊದಲು ಆ ಐದು ನಿಮಿಷ ಬೇಕು.

ಕೊನೆಯದು ‘ಗುಡ್ ಮಾರ್ನಿಂಗ್, ಕ್ಯಾಪ್ಟನ್’. ಹಡಗು ಒಡೆದು ಉಳಿದ ಕ್ಯಾಪ್ಟನ್ ಒಬ್ಬ ಮನೆಯೊಂದರ ಬಾಗಿಲಿಗೆ ಬರುತ್ತಾನೆ, ಅಲ್ಲಿ ಒಂದು ಮಗುವಿದೆ. ಬಾಸ್ ಮತ್ತು ಡ್ರಮ್ಸ್ ಏಳು ನಿಮಿಷ ಹೆಚ್ಚುಕಡಿಮೆ ಒಂದೇ ಸುತ್ತಿನಲ್ಲಿ ತಿರುಗುತ್ತವೆ. ಆಲ್ಬಮ್ಮಿನಲ್ಲಿ ಹೆಚ್ಚಾಗಿ ದನಿ ತಗ್ಗಿಸಿ ಮಾತನಾಡಿದ ಮೆಕ್‌ಮೇಹನ್ ಅದರ ಕೊನೆಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಾರೆ. ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದರಿಂದಲೇ ಆ ಕೂಗಿಗೆ ಅಂಥ ಬಲ. ಹಾಡನ್ನು ಬಿಡಿಯಾಗಿ ಕೇಳಿದರೆ ಇದು ಸಿಗುವುದಿಲ್ಲ.

ಚಿಂತಾಮಣಿ ಗಿಟಾರ್

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ವಾರಿಯ ಮಾತನ್ನು ಗೆಳೆಯರಿಗೆ ತಿಳಿಸಿದೆ, ಅದನ್ನು ಕೈಬಿಟ್ಟಿದ್ದೇವೆ. ಅಕ್ಕ ಹೇಳಿದ ಹಾಗೆ ಐದು ಎಣಿಸುತ್ತ ಕೇಳಿದಾಗ, ನಮ್ಮ ಡ್ರಮ್ಸ್ ನುಡಿಸುವವನು ಅಲ್ಲಿಯವರೆಗೆ ಹಿಡಿಯಲಾಗದೆ ಒದ್ದಾಡುತ್ತಿದ್ದ ಭಾಗ ಅವನ ಕೈಗೆ ಬಂತು. ಆದರೆ ನನ್ನ ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಬ್ಯಾಂಡೇ ಇಲ್ಲದ ಮೇಲೆ ಈ ಆಲ್ಬಮ್ಮನ್ನು ಜನರಿಗೆ ತಲುಪಿಸಿದವರು ಯಾರು? ಬೇಗ ನಿಂತುಹೋದದ್ದೇ ಅದಕ್ಕೆ ಹೆಸರು ತಂದಿತು ಎಂದು ನನ್ನ ಗೆಳೆಯ ವಾದಿಸುತ್ತಾನೆ.

ಉತ್ತರ 3: ರಾಬರ್ಟ್‌ಸನ್‌ಪೇಟೆ

ನಿಮ್ಮ ಗೆಳೆಯರ ವಾದವನ್ನು ನಾನು ಒಪ್ಪುವುದಿಲ್ಲ. ಬೇಗ ನಿಂತ ಬ್ಯಾಂಡುಗಳು ಲೆಕ್ಕವಿಲ್ಲದಷ್ಟಿವೆ, ಅವುಗಳಲ್ಲಿ ಬಹುಪಾಲಿನ ಹೆಸರು ಕೂಡ ಉಳಿದಿಲ್ಲ. ನಮ್ಮ ಕೆ.ಜಿ.ಎಫ್.ನಲ್ಲಿಯೇ ನೋಡಿ. ಗಣಿ ಕಾಲೊನಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಗಿಟಾರು, ಪಿಯಾನೊ ಇದ್ದವು, ಕ್ಲಬ್ಬಿನಲ್ಲಿ ನೃತ್ಯದ ರಾತ್ರಿಗಳಿದ್ದವು, ನುಡಿಸುವವರು ಇಲ್ಲಿಯವರೇ ಇದ್ದರು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಕುಟುಂಬಗಳು ಒಂದೊಂದಾಗಿ ಹೊರದೇಶಕ್ಕೆ ಹೋದವು, 2001ರ ಫೆಬ್ರವರಿಯಲ್ಲಿ ಗಣಿಯೂ ಮುಚ್ಚಿತು. ಆ ವಾದ್ಯಗಾರರು ನುಡಿಸಿದ್ದರ ಒಂದು ಟೇಪನ್ನಾದರೂ ಕೇಳಬೇಕೆಂದು ನಾನು ಹಲವರ ಮನೆಯಲ್ಲಿ ವಿಚಾರಿಸಿದ್ದೇನೆ, ಎಲ್ಲೂ ಸಿಗಲಿಲ್ಲ. ಅವರೂ ಚೆನ್ನಾಗಿ ನುಡಿಸುತ್ತಿದ್ದಿರಬೇಕು. ಬೇಗ ಮುಗಿದದ್ದು ಅವರಿಗೆ ಹೆಸರು ತರಲಿಲ್ಲ.

ಸ್ಲಿಂಟ್ ಉಳಿದದ್ದಕ್ಕೆ ಕೆಲವು ಜನರ ಕೆಲಸ ಕಾರಣ. ಟಚ್ ಅಂಡ್ ಗೋ ಲೇಬಲ್ ನಡೆಸುತ್ತಿದ್ದ ಕೋರಿ ರಸ್ಕ್ ಬ್ಯಾಂಡುಗಳೊಡನೆ ಕೈಕುಲುಕಿ ಮಾತು ಮಾಡಿಕೊಳ್ಳುತ್ತಿದ್ದವರು. ಖರ್ಚು ಕಳೆದು ಉಳಿದ ಲಾಭದಲ್ಲಿ ಅರ್ಧ ಬ್ಯಾಂಡಿಗೆ, ಅರ್ಧ ಲೇಬಲ್ಲಿಗೆ. ಸ್ಪೈಡರ್‌ಲ್ಯಾಂಡ್ ಮೊದಲಿಗೆ ಹೆಚ್ಚು ಮಾರಾಟವಾಗಲಿಲ್ಲ, ಅದನ್ನು ಮಾರಿಕೊಡಲು ಬ್ಯಾಂಡ್ ಇರಲಿಲ್ಲ, ಆದರೂ ಅವರು ಆಲ್ಬಮ್ಮನ್ನು ಅಚ್ಚಿನಿಂದ ತೆಗೆದುಹಾಕಲಿಲ್ಲ. 1993ರಲ್ಲಿ ಟ್ವೀಜ್ ಅನ್ನೂ ಮತ್ತೆ ತಂದರು. ದೊಡ್ಡ ಕಂಪನಿಯೊಂದರಲ್ಲಿ ಇಂಥ ಆಲ್ಬಮ್ ಎರಡು ವರ್ಷದಲ್ಲಿ ಗೋದಾಮು ಸೇರುತ್ತಿತ್ತು. 2009ರಲ್ಲಿ ಆ ಲೇಬಲ್ ಹೊಸ ಆಲ್ಬಮ್‌ಗಳನ್ನು ತರುವುದನ್ನು ನಿಲ್ಲಿಸಿತು, ಆಗಲೂ ಹಳೆಯವನ್ನು ಕೈಬಿಡಲಿಲ್ಲ.

ಆಲ್ಬಿನಿಯವರನ್ನೂ ಇಲ್ಲಿ ನೆನೆಯಬೇಕು. ಸ್ಪೈಡರ್‌ಲ್ಯಾಂಡ್ ಅವರು ರೆಕಾರ್ಡ್ ಮಾಡಿದ್ದಲ್ಲ, ಅವರ ಕೆಲಸ ಹಿಡಿಸದೆ ಒಬ್ಬರು ಈ ಬ್ಯಾಂಡನ್ನೇ ಬಿಟ್ಟಿದ್ದರು. ಅದೇನನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಅವರು ಇಂಗ್ಲೆಂಡಿನ ಮೆಲೊಡಿ ಮೇಕರ್ ಪತ್ರಿಕೆಯಲ್ಲಿ ಅದಕ್ಕೆ ಹತ್ತು ನಕ್ಷತ್ರ ಕೊಟ್ಟು ವಿಮರ್ಶೆ ಬರೆದರು. ಹತ್ತು ವರ್ಷದ ನಂತರ ಇದು ಮೈಲಿಗಲ್ಲಾಗಿ ನಿಲ್ಲುತ್ತದೆ, ಆಗ ಇದನ್ನು ಹುಡುಕಿ ಪರದಾಡುತ್ತೀರಿ ಎಂಬ ಅರ್ಥದ ಮಾತು ಅದರಲ್ಲಿತ್ತು. ಹಾಗೆಯೇ ಆಯಿತು. ಸ್ಕಾಟ್ಲೆಂಡಿನ ಮೊಗ್ವಾಯ್‌ನಂಥ ಬ್ಯಾಂಡುಗಳು ಇದನ್ನು ಕೇಳಿ ಬೆಳೆದವು, ಮಾತು ಕಡಿಮೆ ಮಾಡಿ ಏರಿಳಿತದ ಮೇಲೆ ನಿಲ್ಲುವ ಆ ಬಗೆಗೆ ಪೋಸ್ಟ್ ರಾಕ್ ಎಂಬ ಹೆಸರು ಬಂತು. ಕೊನೆಯ ಹಾಡು 1995ರಲ್ಲಿ ಒಂದು ಚಲನಚಿತ್ರದ ಆಲ್ಬಮ್ಮಿನಲ್ಲಿ ಸೇರಿ ಇನ್ನಷ್ಟು ಜನರನ್ನು ಮುಟ್ಟಿತು.

ಅವರು ಸಂಗೀತವನ್ನೂ ಬಿಡಲಿಲ್ಲ. ಪಾಜೊ ಟಾರ್ಟಸ್ ಬ್ಯಾಂಡಿನಲ್ಲಿ ನುಡಿಸಿದರು, ಮೆಕ್‌ಮೇಹನ್ ದಿ ಫಾರ್ ಕಾರ್ನೇಷನ್ ಕಟ್ಟಿದರು, ವಾಲ್‌ಫರ್ಡ್ ಅಂತೂ ಸ್ಲಿಂಟ್ ಇನ್ನೂ ಇದ್ದಾಗಲೇ ಬೇರೆ ಹೆಸರಿಟ್ಟುಕೊಂಡು ಬ್ರೀಡರ್ಸ್ ಬ್ಯಾಂಡಿನ ಮೊದಲ ಆಲ್ಬಮ್ಮಿಗೆ ಡ್ರಮ್ಸ್ ನುಡಿಸಿದ್ದರು. 2005ರಲ್ಲಿ ಸ್ಲಿಂಟ್ ಹೆಸರಿನಲ್ಲಿ ಮತ್ತೆ ವೇದಿಕೆ ಹತ್ತಿದರು, 2007ರಲ್ಲಿ ಸ್ಪೈಡರ್‌ಲ್ಯಾಂಡ್ ಅನ್ನು ಮೊದಲಿಂದ ಕೊನೆಯವರೆಗೆ ಹಲವೆಡೆ ನುಡಿಸಿದರು. ಹುಡುಗರಾಗಿದ್ದಾಗ ಸಿಗದ ಸಭೆ ಅವರಿಗೆ ಆಗ ಸಿಕ್ಕಿತು.

ನಿಮ್ಮ ಗೆಳೆಯ ಊರು ಬಿಡುವ ಮೊದಲು ನಿಮ್ಮ ಹಾಡುಗಳನ್ನು ರೆಕಾರ್ಡ್ ಮಾಡಿಬಿಡಿ ಎಂಬುದು ನನ್ನ ಕಳಕಳಿಯ ಕೋರಿಕೆ. ಹುಳುಮನೆಯಲ್ಲಿಯೇ ಆಗಲಿ, ನಾಲ್ವರೂ ಒಟ್ಟಿಗೆ ನುಡಿಸಿ. ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಂಡು ಇನ್ನೊಂದನ್ನು ಊರಿನ ಬೇರೆ ಮನೆಯಲ್ಲಿ ಇಡಿ.

ತುಮಕೂರು ಕೇಳುಗ

ರಾಬರ್ಟ್‌ಸನ್‌ಪೇಟೆಯವರ ಮಾತು ನನಗೆ ಪೂರ್ತಿ ಒಪ್ಪಿಗೆ. ಒಂದು ವಿಷಯ ಬಿಟ್ಟುಹೋಗಿತ್ತು. ಎರಡು ಆಲ್ಬಮ್‌ಗಳ ನಡುವೆ, 1989ರಲ್ಲಿ, ಅವರು ಆಲ್ಬಿನಿಯವರ ಬಳಿ ಇನ್ನೆರಡು ಹಾಡು ರೆಕಾರ್ಡ್ ಮಾಡಿದ್ದರು, ಅವು ಹೊರಬಂದದ್ದು 1994ರಲ್ಲಿ. ಒಂದರ ಹೆಸರು ‘ಗ್ಲೆನ್’, ಇನ್ನೊಂದು ‘ರೋಡಾ’. ಈ ರೋಡಾ ಟ್ವೀಜ್‌ನಲ್ಲಿರುವ ನಾಯಿಯ ಹೆಸರಿನ ಹಾಡೇ, ಆದರೆ ಬಹಳ ಉದ್ದವಾಗಿ ಬೆಳೆದಿದೆ. ಮೊದಲು ಟ್ವೀಜ್‌ನ ರೋಡಾ ಕೇಳಿ, ಹಿಂದೆಯೇ 1994ರದನ್ನು ಕೇಳಿ. ಅದೇ ಹುಡುಗರು ಅದೇ ಹಾಡಿನೊಳಗೆ ಎಲ್ಲೆಲ್ಲಿ ನಿಲ್ಲಲು ಕಲಿತರು, ಎಲ್ಲೆಲ್ಲಿ ಕೈ ತಡೆದರು ಎಂಬುದು ಸ್ಪಷ್ಟವಾಗಿ ಕೇಳುತ್ತದೆ. ನಿಮ್ಮ ಡ್ರಮ್ಸ್ ನುಡಿಸುವವರಿಗೆ ಇವೆರಡನ್ನೂ ತಪ್ಪದೆ ಕೇಳಿಸಿ, ಅವರಿಗೆ ಏನನ್ನಿಸಿತೆಂದು ಇಲ್ಲಿ ಬರೆಯಿರಿ.